ಅಮಾವಾಸ್ಯೆ ಮೀಟಿಂಗು

ಅಮಾವಾಸ್ಯೆಯ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನಮ್ಮಪ್ಪನಿಗೆ ತಿಂಗಳಲ್ಲಿ ಆ ಒಂದು ದಿನ ಬಿಡುವು ಖಾತ್ರಿಯಾಗಿತ್ತು. ಆ ಬಿಡುವನ್ನು ಅವರು ನಮ್ಮನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು ವ್ಯಾಪಾರದ ಬಗ್ಗೆ ಮಾತಾಡಲು ಮೀಸಲಿಟ್ಟಿದ್ದರು. ಮಾಯಸಂದ್ರದ ನಮ್ಮ ಮನೆಯನ್ನು ನೆನೆದರೆ ಹಬ್ಬಹರಿದಿನಗಳಿಗಿಂತ ಮೊದಲು ಆ ಮಧ್ಯಾಹ್ನಗಳೇ ಕಣ್ಣ ಮುಂದೆ ಬರುತ್ತವೆ. ಇಷ್ಟು ವಯಸ್ಸಾದ ಮೇಲೂ ಹಲ್ಲು ಕಚ್ಚುವಂತಾಗುತ್ತದೆ. ಹೋದ ವರ್ಷ ತಿಪಟೂರಿನಲ್ಲಿ ನಮ್ಮಂಥ ಸಣ್ಣ ವ್ಯಾಪಾರದ ಹೆಂಗಸರಿಗೆಂದು ಒಂದು ತರಬೇತಿ ನಡೆಯಿತು. ನಾನು ಕೊಬ್ಬರಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡಿಸಿ ಅಂಗಡಿಗಳಿಗೆ ಕೊಡುತ್ತೇನೆ. ಕೆಲಸಕ್ಕೆ ಕೆಲವು ಹೆಂಗಸರಿದ್ದಾರೆ. ಪಾಠ ಹೇಳಲು ಬಂದಿದ್ದ ಹುಡುಗಿ, ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಕೂತು ನಿಮ್ಮ ವ್ಯಾಪಾರವನ್ನು ನೀವೇ ಪರಿಶೀಲಿಸಿಕೊಳ್ಳಬೇಕು ಎಂದಳು. ಉಳಿದವರು ತಲೆಯಾಡಿಸಿದರು, ಕೆಲವರು ಬರೆದುಕೊಂಡರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟು ಸರಿಯಾದ ಮಾತನ್ನು ಒಬ್ಬ ಮನುಷ್ಯ ಎಷ್ಟು ಶಿಸ್ತಾಗಿ, ಎಷ್ಟು ವರ್ಷ ಹಾಳು ಮಾಡಬಹುದು ಎನ್ನುವುದನ್ನು ನಾನು ನೋಡಿಕೊಂಡೇ ಬೆಳೆದಿದ್ದೆ, ಅಷ್ಟೇ.

ಅಪ್ಪನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಅಂಗಡಿ ಅಂತ ಬೇರೆ ಇರಲಿಲ್ಲ, ಮನೆಯೇ ಅಂಗಡಿ. ಊರಿನ ಉಳಿದವರ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿದ್ದರೆ ನಮ್ಮ ಅಟ್ಟದ ಮೇಲೆ ಬಿದಿರಿನ ಗಳುಗಳು, ಹಗ್ಗದ ಸುರುಳಿ, ಮಡಿಸಿದ ಶಾಮಿಯಾನ ಇರುತ್ತಿದ್ದವು. ನಡುಮನೆಯ ಗೋಡೆಗುಂಟ ಕಬ್ಬಿಣದ ಮಡಚುವ ಕುರ್ಚಿಗಳು. ದೊಡ್ಡ ದೊಡ್ಡ ಕೊಳಗ, ತಪ್ಪಲೆ, ಬಾಣಲೆಗಳು ಒಂದರೊಳಗೊಂದು ಕೂತು ಅಡುಗೆಮನೆಯ ಬಾಗಿಲವರೆಗೂ ಬಂದುಬಿಟ್ಟಿದ್ದವು. ಒಳಗೆ ಹೋಗಬೇಕಾದರೆ ಮೈ ಓರೆ ಮಾಡಬೇಕು. ನಾನೂ ಅಣ್ಣ ಪ್ರಕಾಶನೂ ಬಾಡಿಗೆಯ ಜಮಖಾನಗಳ ರಾಶಿಯ ಮೇಲೆ ಮಲಗುತ್ತಿದ್ದೆವು. ಅವುಗಳಲ್ಲಿ ಯಾರ್ಯಾರದೋ ಮದುವೆಯ ವಾಸನೆ. ಬೆಳಿಗ್ಗೆ ಎದ್ದರೆ ಕೂದಲಲ್ಲಿ ಅಕ್ಷತೆ ಕಾಳು ಸಿಕ್ಕಿಕೊಂಡಿರುತ್ತಿತ್ತು. ನನಗದು ಬಲು ಇಷ್ಟವಾಗಿತ್ತು. ಅಪ್ಪನ ತಾಯಿ, ನಮ್ಮಜ್ಜಿಗೆ ಇದ್ಯಾವುದೂ ಸೇರುತ್ತಿರಲಿಲ್ಲ. ಬೆಳಗಿನ ಲಿಂಗಪೂಜೆಗೆ ಕೂರಲು ಜಾಗವಿಲ್ಲವೆಂದು ದಿನಾ ಗೊಣಗುವರು. ಕೆರೆ ಏರಿಯ ಕೆಳಗೆ ನಮ್ಮ ಪಾಲಿನ ಒಂದು ತುಂಡು ತೆಂಗಿನ ತೋಟವಿತ್ತು. ಅದನ್ನು ನೋಡಿಕೊಂಡು ಮರ್ಯಾದೆಯಾಗಿ ಇರುವುದು ಬಿಟ್ಟು ತನ್ನ ಮಗ ಮಂದಿ ಮದುವೆಯ ಸೌಟು ಎಣಿಸುತ್ತಾನಲ್ಲ ಎಂದು ಅವರಿಗೆ ಸಂಕಟ.

ಮೀಟಿಂಗು ಶುರುವಾದದ್ದು ಅಪ್ಪ ತುಮಕೂರಿಗೆ ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಅಲ್ಲಿ ಯಾರೋ, ವ್ಯಾಪಾರ ಮಾಡುವವನು ತಿಂಗಳಿಗೊಮ್ಮೆ ನಿಂತು ಹಿಂದೆ ತಿರುಗಿ ನೋಡಬೇಕು ಎಂದಿದ್ದರಂತೆ. ಅದು ಅವರ ಮನಸ್ಸಿಗೆ ಹೇಗೆ ನಾಟಿತ್ತೆಂದರೆ, ಬಸ್ಸಿನಿಂದ ಇಳಿದು ಬಂದವರು ಕಾಲು ಕೂಡ ತೊಳೆಯದೆ ಅಮ್ಮನಿಗೆ ಅದನ್ನೇ ವಿವರಿಸುತ್ತ ನಿಂತರು. ಮುಂದಿನ ಅಮಾವಾಸ್ಯೆಯ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿಸಿ, ಒಂದು ಕುರ್ಚಿ ಬಿಡಿಸಿ ತಾವು ಕೂತು, ಅಮ್ಮ, ಅಜ್ಜಿ, ಅಣ್ಣ, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಮೂರು ಪ್ರಶ್ನೆ ಕೇಳಿದರು.

"ಈ ತಿಂಗ್ಳು ಏನ್ ಚೆನ್ನಾಗಾಯ್ತು? ಏನ್ ಕೆಟ್ಟೋಯ್ತು? ಬರೋ ತಿಂಗ್ಳು ಏನ್ ಮಾಡಾನ?"

ಮೊದಮೊದಲು ಅದೆಷ್ಟು ಚೆನ್ನಾಗಿತ್ತು ಎನ್ನುವುದನ್ನೂ ಹೇಳಬೇಕು. ನಮ್ಮೂರಿನ ಯಾವ ಅಪ್ಪನೂ ಮಕ್ಕಳನ್ನು ಕೂರಿಸಿಕೊಂಡು ನಿನಗೇನನ್ನಿಸುತ್ತದೆ ಎಂದು ಕೇಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ನಮ್ಮ ಪಾತ್ರೆ ಬೇರೆಯವರ ಪಾತ್ರೆಯ ಜೊತೆ ಬೆರೆತುಹೋಗುತ್ತವೆ, ತಳಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕೋಣ ಎಂದು ಅಣ್ಣ ಹೇಳಿದ. ಅಪ್ಪ ಮಾರನೆಯ ದಿನವೇ ಬಣ್ಣ ತಂದರು. ಸೌಟುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿದರೆ ಕಳೆಯುವುದಿಲ್ಲ ಎಂದು ನಾನು ಹೇಳಿದೆ. ಅದನ್ನೂ ಮಾಡಿದರು. ಮಾಡಿ, ಬಂದವರಿಗೆಲ್ಲ "ಇದು ನಮ್ ಗಿರಿಜಾಳ ಐಡಿಯಾ" ಎಂದು ತೋರಿಸಿದರು. ನಾನು ತಿಂಗಳಿಡೀ ಯೋಚಿಸಿ ಇನ್ನೊಂದು ಐಡಿಯಾ ಸಿದ್ಧಮಾಡಿಟ್ಟುಕೊಂಡು ಅಮಾವಾಸ್ಯೆಗೆ ಕಾಯುತ್ತಿದ್ದೆ. ಅಂದು ಅಮ್ಮ ಕಡಲೆಬೇಳೆ ಪಾಯಸ ಮಾಡಿದ್ದರೂ ಅದನ್ನು ಗಬಗಬ ನುಂಗಿ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದೆ.

ಆಮೇಲೊಂದು ಸಲ ಅಮ್ಮ ಬಾಯಿ ತೆರೆದಳು. ಬಾಡಿಗೆಗೆ ಹೋದ ಪಾತ್ರೆಗಳು ಯಾವತ್ತೂ ತೊಳೆದು ಬರುತ್ತಿರಲಿಲ್ಲ. ಮೂರು ದಿನದ ಸಾಂಬಾರು ಹಳಸಿ, ಅನ್ನ ತಳ ಹತ್ತಿ, ಎಣ್ಣೆಯ ಜಿಡ್ಡು ಗಟ್ಟಿಯಾಗಿ ಬಂದು ಹಿತ್ತಲಲ್ಲಿ ಬೀಳುತ್ತಿದ್ದವು. ಅವನ್ನು ತೊಳೆಯುವವಳು ಅಮ್ಮ ಒಬ್ಬಳೇ. ಬಾವಿಯಿಂದ ನೀರು ಸೇದಿ, ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕುವಳು. ದೊಡ್ಡ ಕೊಳಗಗಳ ಒಳಗೆ ಅರ್ಧ ಮೈ ಇಳಿಸಿ ತಿಕ್ಕಬೇಕಿತ್ತು. ಹಿತ್ತಲಿಗೆ ಹೋದರೆ ಕೆಲವು ಸಲ ಅಮ್ಮನ ಸೊಂಟದಿಂದ ಕೆಳಗಷ್ಟೇ ಕಾಣುತ್ತಿತ್ತು, ಕೊಳಗದೊಳಗಿಂದ ಅವಳ ಉಸಿರು ಬೇರೆ ಯಾರದೋ ಎನ್ನುವಂತೆ ಕೇಳುತ್ತಿತ್ತು. ಮದುವೆ ತಿಂಗಳುಗಳಲ್ಲಿ ಬೆರಳ ಸಂದಿ ಬಿರಿದು, ಊಟಕ್ಕೆ ಕೂತಾಗ ಸಾರಿನ ಖಾರ ತಾಗಿ ಕೈ ಎಳೆದುಕೊಳ್ಳುವಳು. ಏನು ಕೆಟ್ಟೋಯ್ತು ಎಂದು ಅಪ್ಪ ಕೇಳಿದಾಗ ಅವಳು ಮೆಲ್ಲಗೇ ಹೇಳಿದ್ದು.

"ಪಾತ್ರೆ ತೊಳ್ದು ಕಳ್ಸಿ ಅಂತ ಹೇಳ್ರೀ ಅವ್ರಿಗೆ. ಇಲ್ಲಾಂದ್ರೆ ತೊಳ್ಯಕ್ಕೆ ಇಬ್ರು ಹೆಂಗಸ್ರುನ್ನ ಇಕ್ಕಳಿ. ನನ್ ಕೈಲಿ ಆಗ್ತಿಲ್ಲ ಕಣ್ರೀ."

"ಮದ್ವೆ ಮನೆಯೋರ್ಗೆ ಪಾತ್ರೆ ತೊಳ್ಕೊಡಿ ಅನ್ನಕ್ಕಾಯ್ತದಾ? ಇರ್ಲಿ, ನೋಡಾನ ಬುಡು. ಬರೋ ಅಮಾಸೆಗೆ ಮಾತಾಡಾನ."

ಮುಂದಿನ ಅಮಾವಾಸ್ಯೆಗೆ ಅಮ್ಮ ಮತ್ತೆ ಹೇಳಿದಳು. ಅಪ್ಪ ಗಂಭೀರವಾಗಿ ಕೇಳಿಸಿಕೊಂಡರು, ತಲೆಯಾಡಿಸಿದರು, ಒಳ್ಳೆ ವಿಚಾರ, ಯೋಚನೆ ಮಾಡಬೇಕು ಎಂದರು. ಅದರ ಮುಂದಿನ ಸಲವೂ ಹಾಗೆಯೇ. ಅಪ್ಪ ಒರಟರಾಗಿದ್ದರೆ, ಗದರಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಅವರು ಕೇಳಿಸಿಕೊಳ್ಳುವ ರೀತಿ ಎಷ್ಟು ಸೊಗಸಾಗಿತ್ತೆಂದರೆ, ಹೇಳಿದವರಿಗೆ ಕೆಲಸ ಆಗಿಯೇ ಹೋಯಿತೇನೋ ಅನ್ನಿಸುತ್ತಿತ್ತು. ಎದ್ದು ಹೋದ ಮೇಲೆ ಏನೂ ಆಗಿರುತ್ತಿರಲಿಲ್ಲ. ಬಣ್ಣದ ಡಬ್ಬಿಗೆ, ಸೌಟಿನ ದಾರಕ್ಕೆ ಒಂದು ದಿನ ಸಾಕಾಗಿದ್ದ ಮನುಷ್ಯನಿಗೆ ಅಮ್ಮನ ಈ ಒಂದು ಮಾತಿಗೆ ಅಮಾವಾಸ್ಯೆಗಳ ಮೇಲೆ ಅಮಾವಾಸ್ಯೆ ಬೇಕಾಯಿತು. ಮೊದಲ ಪ್ರಶ್ನೆಗೆ ಈಗ ಅವರೊಬ್ಬರೇ ಉತ್ತರ ಹೇಳುತ್ತಿದ್ದರು; ಚೆನ್ನಾಗಿ ಆದದ್ದೆಲ್ಲ ಅವರು ಮಾಡಿದ್ದೇ ಆಗಿರುತ್ತಿತ್ತು. ಎರಡನೆಯ ಪ್ರಶ್ನೆ ಸುತ್ತಿ ಬಳಸಿ ನಮ್ಮ ಯಾರದಾದರೂ ತಲೆಗೆ ಬರುತ್ತಿತ್ತು. ಮೂರನೆಯದಕ್ಕೆ ನೋಡಾನ ಎನ್ನುವುದೇ ಉತ್ತರ. ಅಜ್ಜಿ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ನಾನು ಜಮಖಾನದ ಎಳೆ ಕೀಳುತ್ತ ಕೂರುತ್ತಿದ್ದೆ.

ನಾನು ಮಿಡ್ಲ್ ಸ್ಕೂಲಿಗೆ ಬಂದ ವರ್ಷ, ಲಗ್ನದ ಕಾಲದಲ್ಲಿ, ಅಮ್ಮನಿಗೆ ಜ್ವರ ಬಂತು. ಅಮ್ಮಸಂದ್ರದ ಒಂದು ಮದುವೆಗೆ ಹೋದ ಪಾತ್ರೆ ಎಂದಿನ ಹಾಗೆ ತಡವಾಗಿ, ಎಂದಿನ ಹಾಗೆ ಮುಸುರೆಯಾಗಿ ಬಂದವು. ಮರುದಿನ ಬೆಳಿಗ್ಗೆ ಅವೇ ಪಾತ್ರೆ ತುರುವೇಕೆರೆಯಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಅಮ್ಮ ಕಂಬಳಿ ಹೊದ್ದುಕೊಂಡೇ ಎದ್ದು ಆದಷ್ಟು ತೊಳೆದಳು. ನಾನು ನೀರು ಸೇದಿ ಕೊಟ್ಟೆ. ದೊಡ್ಡ ಕೊಳಗ ಒಂದರೊಳಗೆ ಇಳಿಯಲು ಅವಳಿಗೆ ಆಗಲಿಲ್ಲ. ತಲೆ ಸುತ್ತುತ್ತದೆ ಎಂದು ಕಟ್ಟೆಯ ಮೇಲೆ ಕೂತುಬಿಟ್ಟಳು. ಅಪ್ಪ ಬಂದು ಮೇಲಿಂದ ನೋಡಿ, ಪರವಾಗಿಲ್ಲ ಎಂದು ಗಾಡಿಗೆ ಹಾಕಿಸಿದರು. ಅಲ್ಲಿ ಅಡುಗೆಗೆ ಮುಂಚೆ ಆ ಮನೆಯ ಹಿರಿಯರೊಬ್ಬರು ಕೊಳಗದೊಳಗೆ ಕೈ ಹಾಕಿದರಂತೆ. ತಳದಲ್ಲಿ ಹಿಂದಿನ ಮದುವೆಯ ಅನ್ನ ಅಂಟಿಕೊಂಡಿತ್ತು. ದೇವರ ಕಾರ್ಯಕ್ಕೆ ಎಂಜಲು ಪಾತ್ರೆ ತಂದಿದ್ದೀಯಲ್ಲ ಎಂದು ಬಂದ ನೆಂಟರಿಷ್ಟರ ಎದುರಿಗೆ ಅಂದು, ಅಷ್ಟೂ ಪಾತ್ರೆಯನ್ನು ಅದೇ ಗಾಡಿಯಲ್ಲಿ ವಾಪಸು ಕಳಿಸಿದರು. ಅಪ್ಪ ಗಾಡಿಯ ಹಿಂದೆ ತಲೆ ತಗ್ಗಿಸಿ ನಡೆದು ಬಂದರೆಂದು ಅಣ್ಣ ಹೇಳಿದ. ಸುದ್ದಿ ಅವರಿಗಿಂತ ಮುಂಚೆ ಊರು ಮುಟ್ಟಿತ್ತು.

ಆ ತಿಂಗಳೂ ಅಮಾವಾಸ್ಯೆ ಬಂತು, ಜಮಖಾನ ಹಾಸಿದರು. ಏನು ಚೆನ್ನಾಗಾಯಿತು ಎಂದು ಕೇಳಲಿಲ್ಲ. ನೇರ ಎರಡನೆಯ ಪ್ರಶ್ನೆ ಕೇಳಿ ಅಮ್ಮನ ಕಡೆ ನೋಡಿದರು. ಕೊಳಗ ಸರಿಯಾಗಿ ತೊಳೆದಿರಲಿಲ್ಲ, ಹಂಗಾಗಿ ಮರ್ಯಾದೆ ಹೋಯಿತು ಎಂದು ತಾವೇ ಹೇಳಿದರು. ಅಮ್ಮನ ಜ್ವರ ಬಿಟ್ಟು ಇನ್ನೂ ಕೆಲವೇ ದಿನವಾಗಿತ್ತು, ಕಣ್ಣು ಗುಳಿಬಿದ್ದಿದ್ದವು. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ.

"ನಾನು ಇಲ್ಲಿ ಕುಂತ್ಕಂಡು ಹೇಳ್ತಾನೇ ಬಂದೆ. ನೀವು ಕೇಳ್ತಾನೇ ಬಂದ್ರಿ. ಇನ್ಮೇಲೆ ನಾನು ಹೇಳಾದೂ ಇಲ್ಲ, ತೊಳ್ಯಾದೂ ಇಲ್ಲ."

ಎದ್ದು ಒಳಗೆ ಹೋದಳು. ಕೋಪದಲ್ಲಿ ಅಂದ ಮಾತು ಎಂದು ಅಪ್ಪ ನಮ್ಮ ಕಡೆ ನೋಡಿ ನಗಲು ನೋಡಿದರು. ಆದರೆ ಮುಂದಿನ ಮದುವೆಯ ಪಾತ್ರೆ ಹಿತ್ತಲಿಗೆ ಬಂದು ಬಿದ್ದಾಗ ಅಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಬಟ್ಟೆ ಒಗೆದಳು. ಪಾತ್ರೆಗಳ ಸುತ್ತ ಬಳಸಿಕೊಂಡು ಬಾವಿಗೆ ಹೋಗಿ ಬಂದಳು. ನೊಣ ಮುತ್ತಿತು, ಕಾಗೆಗಳು ಬಂದವು, ಹಳಸಿದ ವಾಸನೆ ಪಕ್ಕದ ಮನೆಯವರಿಗೂ ಹೊಡೆಯಿತು. ಅಜ್ಜಿ, ಎಂದೂ ಸೊಸೆಯ ಪರ ಮಾತಾಡದವರು, ಮೂಗಿಗೆ ಸೆರಗು ಹಿಡಿದುಕೊಂಡು ಮಗನಿಗೆ ನೀನೇ ತೊಳಿ ಹೋಗು ಎಂದುಬಿಟ್ಟರು. ಕೊನೆಗೆ ಅಪ್ಪನೂ ಅಣ್ಣನೂ ಪಂಚೆ ಮೇಲೆ ಕಟ್ಟಿ ಕೂತರು. ಅಪ್ಪ ಕೊಳಗದೊಳಗೆ ಇಳಿದು, ಕೆಮ್ಮುತ್ತ ಹೊರಗೆ ಬಂದು, ಮತ್ತೆ ಇಳಿದದ್ದನ್ನು ನಾನು ಹಿತ್ತಲ ಬಾಗಿಲಿನಿಂದ ನೋಡಿದೆ. ಸಂಜೆ ಅವರಿಗೆ ಸೊಂಟ ಹಿಡಿದುಕೊಂಡಿತು. ಆ ವಾರವೇ ಪಾತ್ರೆ ತೊಳೆಯಲು ಇಬ್ಬರು ಹೆಂಗಸರು ಬಂದರು.

ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಬಹಳ ದಿನದ ಮೇಲೆ ಮೀಟಿಂಗಿಗೆ ಆಸೆಯಿಂದ ಹೋಗಿ ಕೂತೆ. ಅಮ್ಮನೂ ಅಂದು ಬಂದಿದ್ದಳು. ಏನು ಚೆನ್ನಾಗಾಯಿತು ಎನ್ನುವ ಪ್ರಶ್ನೆಗೆ ಅಪ್ಪ ಗಂಟಲು ಸರಿಮಾಡಿಕೊಂಡು, ತಾನು ಎಲ್ಲ ಕೂಲಂಕಷವಾಗಿ ಯೋಚನೆ ಮಾಡಿ ಪಾತ್ರೆ ತೊಳೆಯಲು ಜನ ಇಟ್ಟಿದ್ದೇನೆ, ವ್ಯಾಪಾರ ಅಂದರೆ ಹೀಗೆ ಕಾಲಕಾಲಕ್ಕೆ ನೋಡಿಕೊಂಡು ತೀರ್ಮಾನ ತೆಗೆದುಕೊಳ್ಳಬೇಕು ಎಂದರು. ನಾಚಿಕೆಯ ಸುಳಿವೇ ಇರಲಿಲ್ಲ. ಅವರು ಅದನ್ನು ನಿಜವೆಂದೇ ನಂಬಿದ್ದರು. ನಾನು ಎದ್ದು ನಿಂತೆ.

"ಅದು ನಿಮ್ದಲ್ಲಪ್ಪಾ. ಅಮ್ಮ ಹೇಳಿದ್ದು."

ಅಪ್ಪ ನನ್ನನ್ನು ದಿಟ್ಟಿಸಿ, ಮನೆಯೊಳಗಿನ ಮಾತು ಯಾರು ಆಡಿದರೇನು, ಅಧಿಕಪ್ರಸಂಗ ಬೇಡ, ಕೂತುಕೋ ಎಂದರು. ಸೌಟಿನ ದಾರಕ್ಕೆ ನನ್ನ ಹೆಸರು ಹೇಳಿದವರು ಇದೇ ಅಪ್ಪನಾ ಎಂದು ಕೇಳಬೇಕೆನ್ನಿಸಿತು. ಆಮೇಲೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಜಗಳವಾಡಿದೆ. ಅವಳು ಸುಮ್ಮನೆ ಯಾಕೆ ಕೂತಿದ್ದಳು, ಒಂದು ಮಾತಾದರೂ ಯಾಕೆ ಆಡಲಿಲ್ಲ ಎಂದು. ಅಮ್ಮ ರಾಗಿ ಮುದ್ದೆ ತಿರುವುತ್ತಿದ್ದಳು.

"ಹೆಸ್ರು ಕಟ್ಕಂಡು ನಾನೇನ್ ಮಾಡ್ಲವ್ವಾ. ಕೈ ಉಳೀತಲ್ಲ, ಬುಡು."

ಅವಳಿಗೆ ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ, ಇವತ್ತಿಗೂ ಸಾಕಾಗಿಲ್ಲ. ಆದರೂ ಅಂದಿನಿಂದ ಅವಳು ಮೀಟಿಂಗಿಗೆ ಬರುವುದು ನಿಲ್ಲಿಸಿದಳು. ಆ ಹೊತ್ತಿಗೆ ಸರಿಯಾಗಿ ಅಕ್ಕಿ ಆರಿಸಲು ಕೂರುವಳು, ಇಲ್ಲ ತೋಟದಿಂದ ಸೋಗೆ ತರಲು ಹೋಗುವಳು. ನಾನು ಬರುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಅಪ್ಪನ ಜೊತೆ ವ್ಯಾಪಾರಕ್ಕೆ ಸೇರಿಕೊಂಡ ಅಣ್ಣ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಅಪ್ಪ ಪ್ರಶ್ನೆ ಕೇಳುವರು, ಅವರೇ ಉತ್ತರ ಹೇಳುವರು, ಮೀಟಿಂಗು ಬೇಗ ಮುಗಿಯುವುದು. ಈಗ ಮನೆಯಲ್ಲಿ ತಕರಾರೇ ಇಲ್ಲ, ವ್ಯಾಪಾರ ಒಂದು ಹದಕ್ಕೆ ಬಂದಿದೆ ಎಂದು ಅವರು ಬಂದವರ ಎದುರು ಹೇಳಿಕೊಳ್ಳುತ್ತಿದ್ದರು. ಒಂದು ಅಮಾವಾಸ್ಯೆಯನ್ನೂ ಅವರು ತಪ್ಪಿಸಲಿಲ್ಲ. ಮೈ ಹುಷಾರಿಲ್ಲದಾಗಲೂ ಕುರ್ಚಿ ಬಿಡಿಸಿಕೊಂಡು ಕೂತರು.

ನನ್ನ ಸ್ವಭಾವದಲ್ಲಿ ಒಂದು ಒರಟುತನ ಕೂತಿರುವುದು ಅಲ್ಲಿಂದಲೇ ಎಂದು ನನಗೆ ಗೊತ್ತು. ಯಾರಾದರೂ ಇದು ಸರಿಯಿಲ್ಲ ಎಂದು ಹೇಳಿದರೆ, ಅವರು ಮಾತು ಮುಗಿಸುವ ಮೊದಲೇ ನಾನು ಎದ್ದಿರುತ್ತೇನೆ. ಒಲೆಯ ಹೊಗೆ ಕಣ್ಣಿಗೆ ಹೊಡೆಯುತ್ತದೆ ಎಂದು ನಮ್ಮ ಕೆಲಸದವಳೊಬ್ಬಳು ಅಂದದ್ದಕ್ಕೆ ಅಂದೇ ಗೋಡೆ ಒಡೆಸಿದೆ. ಆಮೇಲೆ ನೋಡಿದರೆ ಒಡೆಸಬೇಕಾಗಿದ್ದದ್ದು ಇನ್ನೊಂದು ಗೋಡೆ. "ನಿಮ್ಮತ್ರ ಏನೂ ಹೇಳಂಗೇ ಇಲ್ವಲ್ಲಕ್ಕಾ" ಎಂದು ಕೆಲಸದ ಹೆಂಗಸರು ನಗುತ್ತಾರೆ. ನೋಡೋಣ ಎನ್ನುವ ಪದ ನನ್ನ ಬಾಯಲ್ಲಿ ಬರುವುದೇ ಇಲ್ಲ. ಇದರಿಂದ ನಷ್ಟವೂ ಆಗಿದೆ, ಮನೆಯವರಿಗೆ ಕಿರಿಕಿರಿಯೂ ಆಗಿದೆ. ಬದಲಾಗಲು ಆಗಿಲ್ಲ.

ನಾನು ಪಿಯುಸಿ ಓದುತ್ತಿದ್ದ ವರ್ಷ ಒಂದು ಅಮಾವಾಸ್ಯೆ ಅಪ್ಪ ಭಾರಿ ಉತ್ಸಾಹದಲ್ಲಿದ್ದರು. ಕೆರೆ ಏರಿ ಕೆಳಗಿನ ತೋಟವನ್ನು ಮಾರಿ ಹೊಸ ಶಾಮಿಯಾನ, ಹೊಸ ಕುರ್ಚಿ, ದೊಡ್ಡ ಮದುವೆಗಳಿಗೆ ಬೇಕಾದಷ್ಟು ಹೊಸ ಪಾತ್ರೆ ತರಬೇಕು ಎಂದು ತೀರ್ಮಾನಿಸಿದ್ದರು. ನಿದ್ದೆಯಲ್ಲಿದ್ದ ಅಜ್ಜಿ ತೋಟ ಎನ್ನುವ ಮಾತಿಗೆ ಎಚ್ಚರಗೊಂಡು ಮಗನ ಮುಖ ನೋಡಿದರು, ಸೆರಗು ಹೊದ್ದುಕೊಂಡು ಗೋಡೆಯ ಕಡೆ ತಿರುಗಿದರು. ಯಾರಿಗಾದರೂ ಏನಾದರೂ ಹೇಳುವುದಿದೆಯಾ ಎಂದು ಅಪ್ಪ ಪದ್ಧತಿಯ ಪ್ರಕಾರ ಕೇಳಿದರು. ಅಣ್ಣ ನೆಲ ನೋಡುತ್ತಿದ್ದ. ತೋಟ ಮಾರುವುದು ನನಗೆ ಬೇಡವಾಗಿತ್ತು, ಆದರೆ ಮತ್ತೆ ಕೂತುಕೋ ಎನ್ನಿಸಿಕೊಳ್ಳುವ ಮನಸ್ಸಿರಲಿಲ್ಲ. ತೋಟ ಹೋಯಿತು. ಹೊಸ ಸಾಮಾನು ಬಂದು, ಇಡಲು ಜಾಗವಿಲ್ಲದೆ ಅಜ್ಜಿಯ ಮಂಚ ಅಡುಗೆಮನೆಗೆ ಬಂತು.

ಆ ಲಗ್ನದ ಕಾಲದಲ್ಲಿ ನಮ್ಮ ಹೊಸ ಕುರ್ಚಿಗಳ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಲಿಲ್ಲ. ಕೇಳಲು ಬರುವವರೇ ಕಡಿಮೆಯಾದರು. ಮುಂದಿನ ಲಗ್ನದ ಕಾಲದಲ್ಲಿ ಇನ್ನೂ ಕಡಿಮೆ. ಅಪ್ಪ ಮಳೆಯ ನೆಪ, ಗ್ರಹಗತಿಯ ನೆಪ ಹೇಳಿದರು. ಕೊನೆಗೆ ಒಂದು ದಿನ ತುರುವೇಕೆರೆಗೆ ಹೋಗಿ, ಹೊಸದಾಗಿ ಎದ್ದಿದ್ದ ಕಲ್ಯಾಣ ಮಂಟಪದೊಳಕ್ಕೆ ಕಾಲಿಟ್ಟರು. ಮಂಟಪ ಎಂದರೆ ಬರೀ ಜಾಗ ಬಾಡಿಗೆಗೆ ಕೊಡುತ್ತಾರೆ, ಪಾತ್ರೆ ಪರಡಿಗೆ ಜನ ತನ್ನ ಹತ್ತಿರವೇ ಬರಬೇಕು ಎಂದು ಅವರು ಅಲ್ಲಿಯವರೆಗೆ ನಂಬಿಕೊಂಡಿದ್ದರು. ಅಲ್ಲಿ ಒಂದು ಕೋಣೆಯ ತುಂಬ ಹೊಳೆಯುವ ಕೊಳಗಗಳು, ಗೋಡೆಯೆತ್ತರ ಜೋಡಿಸಿದ ಕುರ್ಚಿಗಳು ಇದ್ದವು. ಶಾಮಿಯಾನ ಬೇಕೇ ಇರಲಿಲ್ಲ, ಮೇಲೆ ಸೂರಿತ್ತು.

ಮನೆಗೆ ಬಂದವರು ಅಮಾವಾಸ್ಯೆಗೆ ಕಾಯಲಿಲ್ಲ. ಜಮಖಾನವನ್ನೂ ಹಾಸಿಸಲಿಲ್ಲ. ನಮ್ಮನ್ನೆಲ್ಲ ಕರೆದರು, ಅಮ್ಮನನ್ನೂ ಕರೆದರು.

"ಮಂಟಪ್ದೋರೇ ಎಲ್ಲಾ ಇಕ್ಕಂಡವ್ರೆ. ದಿನಾ ಆ ಕಡೆ ಓಡಾಡ್ತೀಯಲ್ಲ ಪ್ರಕಾಶ, ನಿಂಗೆ ಗೊತ್ತಿರ್ಲಿಲ್ವಾ?"

ಅಣ್ಣ ಗೊತ್ತಿತ್ತು ಎಂದ. ಮಂಟಪ ಕಟ್ಟುವಾಗಲೇ ಗೊತ್ತಿತ್ತು.

"ಮತ್ಯಾಕ್ಲಾ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ ಅಪ್ಪಾ?"

ಅವನ ಮಾತಿನಲ್ಲಿ ಎದುರುತ್ತರದ ಸೊಕ್ಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು. ಇಂಥ ಒಂದು ಮಾತು ಅಪ್ಪನಿಗೆ ತಟ್ಟಬೇಕೆಂದು ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ತಟ್ಟಿದ್ದು ಕಣ್ಣಿಗೆ ಕಂಡಿತು, ಆದರೆ ನನಗೆ ಖುಷಿಯಾಗಲಿಲ್ಲ. ತೋಟ ಹೋದ ಮೇಲೆ ತಟ್ಟಿ ಯಾರಿಗೆ ಬಂದ ಭಾಗ್ಯ ಎಂದು ಇನ್ನಷ್ಟು ರೇಗಿತು. ಅಪ್ಪ ನನ್ನ ಕಡೆ ನೋಡಿದರು, ನಾನು ಮುಖ ತಿರುಗಿಸಿಕೊಂಡೆ. ಆಮೇಲೆ ಅವರು ಬಾಗಿಲ ಹತ್ತಿರ ನಿಂತಿದ್ದ ಅಮ್ಮನ ಕಡೆ ತಿರುಗಿದರು.

"ನೀನಾದ್ರೂ ಹೇಳ್ಬೋದಿತ್ತು ಕಣೇ."

ಅಮ್ಮ ಹೇಳುವುದೋ ಬೇಡವೋ ಎಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ಹೇಳ್ದೆ ಕಣ್ರೀ. ನಮ್ ಅಕ್ಕನ ಮಗಳ ಮದ್ವೆಗೆ ಅಲ್ಲಿಗೋಗಿ ನೋಡ್ಕಂಡ್ ಬಂದು, ಊಟಕ್ಕಿಕ್ತಾ ಹೇಳ್ದೆ. ತ್ವಾಟ ಮಾರಕ್ಕೆ ಮುಂಚೆ. ಅಮಾಸೆ ದಿವ್ಸ ಹೇಳು ಅಂದ್ರಿ."

ಅಪ್ಪ ನೆನಪು ಮಾಡಿಕೊಳ್ಳಲು ನೋಡಿದರು. ಹುಬ್ಬು ಗಂಟಿಕ್ಕಿ, ಯಾವ ದಿನ, ಯಾವ ಊಟ ಎಂದು ಕೇಳಿದರು. ಅಮ್ಮ ಹೇಳಿದಳು. ಅವರಿಗೆ ನೆನಪಾಗಲಿಲ್ಲ.